ನಡೀತಾನಾ ಎಂದು ಕೇಳುತ್ತಿರುವ ಮನೆಯವರಿಗೆ

ನನ್ನ ತಮ್ಮ ಅಡಿಕೆ ಮರದಿಂದ ಬಿದ್ದದ್ದು ಒಂದು ಜುಲೈ ತಿಂಗಳಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸಮಯ. ಮಳೆಗೆ ಮರ ಪಾಚಿ ಕಟ್ಟಿತ್ತು. ಬಿದ್ದವನು ಎಚ್ಚರವಾಗೇ ಇದ್ದ. "ಅಕ್ಕಾ, ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಿಲ್ಲ" ಎಂದ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ. ನಡೀತಾನಾ? ಡಾಕ್ಟರನ್ನು ಕೇಳಿದೆವು, ನರ್ಸನ್ನು ಕೇಳಿದೆವು, ಜೋಯಿಸರನ್ನೂ ಕೇಳಿದೆವು. ಮಲೆನಾಡು, ಕರಾವಳಿಯಲ್ಲಿ ಮರದಿಂದ ಬಿದ್ದು, ಬೇರೆ ಕಡೆ ಬೈಕಿನಿಂದ, ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಮನೆಗಳಲ್ಲೆಲ್ಲ ಇದೇ ಪ್ರಶ್ನೆ ಇರುತ್ತದೆ. ಅಂಥ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಸೆ ಬಿಡಿ ಎಂದು ನಾನು ಹೇಳುವುದಿಲ್ಲ. ಆ ಒಂದೇ ಪ್ರಶ್ನೆಗೆ ಎಲ್ಲ ಆಸೆಯನ್ನೂ ಕಟ್ಟಿಹಾಕಬೇಡಿ ಎನ್ನುತ್ತೇನೆ. ಹಾಗೆ ಕಟ್ಟಿಹಾಕಿದ್ದರಿಂದ ನಾವು ಮೂರು ತಿಂಗಳು ಕಳೆದುಕೊಂಡೆವು.

ಹೆಜ್ಜೆ 1: ಆಪರೇಷನ್ ಏನು ಮಾಡುತ್ತದೆ ಎಂದು ಮೊದಲು ತಿಳಿದುಕೊಳ್ಳಿ

"ಆಪರೇಷನ್ ಚೆನ್ನಾಗಿ ಆಯ್ತು" ಎಂದು ಡಾಕ್ಟರ್ ಹೊರಗೆ ಬಂದು ಹೇಳಿದಾಗ ನಾವೆಲ್ಲ ಅತ್ತುಬಿಟ್ಟೆವು. ಇನ್ನೆರಡು ದಿನದಲ್ಲಿ ಕಾಲು ಆಡಿಸುತ್ತಾನೆ ಎಂದುಕೊಂಡೆವು. ಆಡಿಸಲಿಲ್ಲ. ಆಪರೇಷನ್ನೇ ಕೆಟ್ಟಿತೇನೋ ಎಂಬ ಅನುಮಾನ ಶುರುವಾಯಿತು.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆ ಗೂಡಿನ ಹಾಗೆ. ಹುರಿ ಅದರೊಳಗೆ ಹಾದುಹೋಗುವ ನರಗಳ ಕಟ್ಟು. ಆಪರೇಷನ್‌ನಲ್ಲಿ ಮುರಿದ ಮೂಳೆಗೆ ಸ್ಕ್ರೂ, ರಾಡ್ ಹಾಕಿ ಗಟ್ಟಿ ಮಾಡುತ್ತಾರೆ. ಹುರಿಯ ಮೇಲೆ ಒತ್ತುತ್ತಿರುವುದನ್ನು ತೆಗೆಯುತ್ತಾರೆ. ಹುರಿಗೇ ಆದ ಗಾಯವನ್ನು ಹೊಲಿದು ಸರಿಮಾಡುವ ಆಪರೇಷನ್ ಇವತ್ತಿಗೂ ಇಲ್ಲ. ಚರ್ಮದ ಗಾಯ ಮಾಯುವ ಹಾಗೆ ಹುರಿಯ ಕಡಿದ ಎಳೆಗಳು ಮತ್ತೆ ಕೂಡಿಕೊಳ್ಳುವುದಿಲ್ಲ.

ಹಾಗಾದರೆ ಕೆಲವರು ಎದ್ದು ನಡೆಯುತ್ತಾರಲ್ಲ, ಹೇಗೆ? ಅವರಲ್ಲಿ ಒಂದಿಷ್ಟು ಎಳೆ ಉಳಿದಿರುತ್ತದೆ. ಊತ ಇಳಿದ ಮೇಲೆ ಆ ಎಳೆಗಳು ಕೆಲಸಕ್ಕೆ ಮರಳುತ್ತವೆ, ವ್ಯಾಯಾಮದಿಂದ ಗಟ್ಟಿಯಾಗುತ್ತವೆ. ಎಷ್ಟು ಉಳಿದಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅದನ್ನು ಕಂಡುಹಿಡಿಯಲು ಒಂದು ಪರೀಕ್ಷೆ ಇದೆ. ನಮಗೆ ಅದು ಗೊತ್ತಾಗಿದ್ದು ತುಂಬಾ ತಡವಾಗಿ.

ಹೆಜ್ಜೆ 2: 'ಏಷಿಯಾ ಗ್ರೇಡ್ ಏನು?' ಎಂದು ಕೇಳಿ

ಆ ಪರೀಕ್ಷೆಯ ಕೊನೆಗೆ ಕೊಡುವ ದರ್ಜೆಯೇ ಏಷಿಯಾ ಗ್ರೇಡ್. ಅಮೆರಿಕದ ಬೆನ್ನುಹುರಿ ಪೆಟ್ಟಿನ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ (ASIA) ಬಂದ ಹೆಸರು ಅದು. ಪೆಟ್ಟು ಬಿದ್ದ ಕೂಡಲೇ ಹುರಿ ಸ್ತಬ್ಧವಾಗುತ್ತದೆ. ಇದಕ್ಕೆ 'ಸ್ಪೈನಲ್ ಶಾಕ್' ಎನ್ನುತ್ತಾರೆ. ಕೆಲವು ದಿನ, ಕೆಲವರಿಗೆ ಕೆಲವು ವಾರ ಹಾಗೇ ಇರುತ್ತದೆ. ಆಗ ಕಾಲು ಬಟ್ಟೆಯ ಹಾಗೆ ಬಿದ್ದಿರುತ್ತದೆ. ಅದನ್ನು ನೋಡಿ ಎಲ್ಲಾ ಮುಗಿಯಿತು ಎನ್ನಬೇಡಿ, ಎಲ್ಲಾ ಸರಿಹೋಗುತ್ತದೆ ಎಂದೂ ಹೇಳಬೇಡಿ. ಮೊದಲ ದಿನದ ಪರೀಕ್ಷೆಗಿಂತ ಮೂರು ದಿನದ ನಂತರ ಮಾಡಿದ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ತಿಂಗಳಿಗೆ ಮತ್ತೊಮ್ಮೆ ಮಾಡಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ.

ಪರೀಕ್ಷೆಯಲ್ಲಿ ಹತ್ತಿ ಮತ್ತು ಪಿನ್ನು ಮುಟ್ಟಿಸಿ ಸ್ಪರ್ಶ ನೋಡುತ್ತಾರೆ. ಸ್ನಾಯುಗಳ ಶಕ್ತಿಗೆ ಅಂಕ ಕೊಡುತ್ತಾರೆ. ಗುದದ್ವಾರದ ಹತ್ತಿರ ಸ್ಪರ್ಶ, ಬಿಗಿ ಇದೆಯಾ ಎಂದೂ ನೋಡುತ್ತಾರೆ. ಇದು ಮುಜುಗರದ ವಿಷಯ ಎಂದು ಯಾರೂ ಮನೆಯವರಿಗೆ ಹೇಳುವುದಿಲ್ಲ, ಆದರೆ ಅತಿ ಮುಖ್ಯವಾದದ್ದೇ ಅದು. ಹುರಿಯ ತೀರಾ ಕೆಳಗಿನ ತುದಿಯವರೆಗೂ ಸುದ್ದಿ ಮುಟ್ಟುತ್ತಿದೆಯಾ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತಾರೆ. 'ಎ' ಎಂದರೆ ತುದಿಯಲ್ಲಿ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. 'ಬಿ' ಎಂದರೆ ಸ್ಪರ್ಶ ಇದೆ, ಚಲನೆ ಇಲ್ಲ. 'ಸಿ' ಎಂದರೆ ಚಲನೆ ಇದೆ, ಶಕ್ತಿ ಕಮ್ಮಿ. 'ಡಿ' ಎಂದರೆ ಪೆಟ್ಟಿನ ಕೆಳಗಿನ ಮುಖ್ಯ ಸ್ನಾಯುಗಳಲ್ಲಿ ಅರ್ಧದಷ್ಟಾದರೂ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬಲ್ಲವು. 'ಇ' ಎಂದರೆ ಸಹಜ.

ಮೊದಲು 'ಎ' ಬಂದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ವರ್ಷದ ನಂತರವೂ 'ಎ'ಯಲ್ಲೇ ಇರುತ್ತಾರೆ. 'ಬಿ'ಯವರಲ್ಲಿ ಒಂದಿಷ್ಟು ಜನ ನಡೆಯುತ್ತಾರೆ, ಅದರಲ್ಲೂ ಪಿನ್ನಿನ ಚುಚ್ಚು ತಿಳಿಯುವವರಿಗೆ ಅವಕಾಶ ಜಾಸ್ತಿ. 'ಸಿ'ಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, 'ಡಿ'ಯವರಲ್ಲಿ ಬಹುತೇಕ ಎಲ್ಲರೂ ಸ್ವಲ್ಪವಾದರೂ ನಡೆಯುತ್ತಾರೆ. ಸುಧಾರಣೆಯ ದೊಡ್ಡ ಭಾಗ ಮೊದಲ ಆರು ತಿಂಗಳಲ್ಲಿ ಕಾಣುತ್ತದೆ. ಆಮೇಲೆ ನಿಧಾನ. ಒಂದೂವರೆ, ಎರಡು ವರ್ಷದವರೆಗೂ ಸಣ್ಣಪುಟ್ಟದು ಬರಬಹುದು.

ನನ್ನ ತಮ್ಮನಿಗೆ ಬಂದದ್ದು 'ಎ'. ಪೆಟ್ಟು ಎದೆಯ ಹತ್ತನೇ ಮಟ್ಟದಲ್ಲಿ, ಅಂದರೆ ಹುರಿಯ ಎದೆ ಭಾಗವನ್ನು ಮೇಲಿನಿಂದ ಎಣಿಸಿದರೆ ಹತ್ತನೇ ಜಾಗದಲ್ಲಿ. ಆ ಅಕ್ಷರ ಕೇಳಿದ ರಾತ್ರಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಆದರೆ ನಿಜ ಹೇಳುತ್ತೇನೆ, ಅಂದಾಜು ಸಿಕ್ಕ ಮೇಲೆ ಕೈಗೆ ಕೆಲಸ ಸಿಕ್ಕಿತು. ಗೊತ್ತಿಲ್ಲದೆ ಕಾಯುವುದು ಅದಕ್ಕಿಂತ ಕಷ್ಟ.

ಅಕ್ಷರದ ಜೊತೆ ಮಟ್ಟವನ್ನೂ ಕೇಳಿ. ಕುತ್ತಿಗೆಯ ಆರನೇ ಮಟ್ಟ ಉಳಿದವರು ಮಣಿಕಟ್ಟು ಮೇಲೆತ್ತಬಲ್ಲರು. ಹಾಗೆ ಎತ್ತಿದಾಗ ಬೆರಳು ತಾನಾಗಿ ಮಡಚಿಕೊಂಡು ಲೋಟ ಹಿಡಿಯುವಷ್ಟು ಹಿಡಿತ ಬರುತ್ತದೆ. ಪಾಪ, ಮನೆಯವರು ಪ್ರೀತಿಯಿಂದ ಆ ಬೆರಳುಗಳನ್ನು ದಿನಾ ಎಳೆದೆಳೆದು ನೆಟ್ಟಗೆ ಮಾಡಿ ಆ ಹಿಡಿತವನ್ನೇ ಕಳೆದುಬಿಡುತ್ತಾರೆ. ಮಣಿಕಟ್ಟು ಹಿಂದಕ್ಕೆ ಬಾಗಿದ್ದಾಗ ಬೆರಳನ್ನು ನೆಟ್ಟಗೆ ಎಳೆಯಬೇಡಿ. ಏಳನೇ ಮಟ್ಟ ಉಳಿದರೆ ಮೊಣಕೈ ಚಾಚುವ ಶಕ್ತಿ ಇರುತ್ತದೆ. ಕೈಯೂರಿ ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಸರಿಯುವುದನ್ನು ಕಲಿಯಬಹುದು. ಎದೆಯ ಮಟ್ಟದವರು ಗಾಲಿಕುರ್ಚಿಯಲ್ಲಿ ಬಹುತೇಕ ಎಲ್ಲವನ್ನೂ ತಾವೇ ಮಾಡಿಕೊಳ್ಳಬಹುದು. ನಿಮ್ಮವರ ಮಟ್ಟಕ್ಕೆ ಏನೇನು ಸಾಧ್ಯ ಎಂದು ಫಿಜಿಯೋ ಹತ್ತಿರ ಪಟ್ಟಿ ಬರೆಸಿಕೊಳ್ಳಿ. ಆಸೆ ಇಡಬೇಕಾದ ಜಾಗ ಆ ಪಟ್ಟಿ.

ಹೆಜ್ಜೆ 3: ಒಂದು ನೋಟ್‌ಬುಕ್ ಇಡಿ

ಎರಡನೇ ತಿಂಗಳು. ಬೆಳಗ್ಗೆ ಅಮ್ಮ ಹೊದಿಕೆ ತೆಗೆದಾಗ ತಮ್ಮನ ಬಲಗಾಲು ಜೋರಾಗಿ ಅದುರಿ ಮಡಚಿಕೊಂಡಿತು. "ಕಾಲು ಬಂತು!" ಎಂದು ಅಮ್ಮ ಕೂಗಿದರು. ತುಪ್ಪದ ದೀಪ ಹಚ್ಚಿದರು. ಊರೆಲ್ಲ ಸುದ್ದಿಯಾಯಿತು. ತಮ್ಮನ ಕಣ್ಣಲ್ಲಿ ಆ ದಿನ ಕಂಡ ಬೆಳಕು ನನಗೆ ಮರೆಯುವುದಿಲ್ಲ.

ಅದು ಸೆಟೆತ, ಅಂದರೆ 'ಸ್ಪ್ಯಾಸಮ್'. ಸ್ತಬ್ಧವಾಗಿದ್ದ ಹುರಿಯ ಕೆಳಭಾಗ ಎಚ್ಚೆತ್ತು, ಮೆದುಳಿನ ಅಪ್ಪಣೆ ಇಲ್ಲದೆ ತಾನೇ ಕಾಲು ಎಳೆಯುತ್ತದೆ. ಇದು ಗುಣವಾಗುವ ಗುರುತು ಅಲ್ಲ. ಕೆಟ್ಟ ಗುರುತೂ ಅಲ್ಲ. ಭೇದ ತಿಳಿಯುವುದು ಸುಲಭ. ಅವರಿಗೆ ಕಣ್ಣು ಮುಚ್ಚಲು ಹೇಳಿ. ಕಾಲನ್ನು ಮುಟ್ಟಬೇಡಿ. "ಬಲಗಾಲಿನ ಹೆಬ್ಬೆರಳು ಮೇಲೆತ್ತು" ಎನ್ನಿ. ಹೇಳಿದಾಗ ಎತ್ತಬೇಕು, ನಿಲ್ಲಿಸು ಎಂದಾಗ ನಿಲ್ಲಬೇಕು. ಮೂರು ಸಲ ಹಾಗೇ ಆದರೆ ಕೂಡಲೇ ಡಾಕ್ಟರಿಗೆ ತಿಳಿಸಿ, ಅದು ನಿಜವಾದ ಸುದ್ದಿ. ಹೊದಿಕೆ ತೆಗೆದಾಗ, ತಣ್ಣೀರು ತಾಗಿದಾಗ, ಮಗ್ಗುಲು ಬದಲಿಸಿದಾಗ ಮಾತ್ರ ಆದರೆ ಅದು ಸೆಟೆತ.

ಇದನ್ನೆಲ್ಲ ದಿನಾಂಕ ಹಾಕಿ ಬರೆಯಿರಿ. ಸೆಟೆತ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೂತ್ರದ ಸೋಂಕು, ಹುಣ್ಣು, ಮಲಬದ್ಧತೆ ಯಾವುದೋ ಒಂದು ಇರಬಹುದು. ದೇಹ ನೋವು ಹೇಳಲಾರದಾಗ ಹೀಗೆ ಹೇಳುತ್ತದೆ.

ಮತ್ತೊಂದು ಪುಟದಲ್ಲಿ ಅವರು ತಾವೇ ಮಾಡಿದ್ದನ್ನು ಬರೆಯಿರಿ. ತಾನೇ ಮಗ್ಗುಲಾದ. ಹತ್ತು ನಿಮಿಷ ಆನಿಕೆ ಇಲ್ಲದೆ ಕೂತ. ಶರ್ಟು ಹಾಕಿಕೊಂಡ. ದಿನದಿನಕ್ಕೆ ಏನೂ ಕಾಣುವುದಿಲ್ಲ, ತಿಂಗಳ ಹಿಂದಿನ ಪುಟ ತಿರುವಿದರೆ ಕಾಣುತ್ತದೆ.

ಹೆಜ್ಜೆ 4: ಆಸೆ ಏನೇ ಇರಲಿ, ದೇಹ ಕೆಡದಂತೆ ನೋಡಿಕೊಳ್ಳಿ

ನಾವು ಎಡವಿದ್ದು ಇಲ್ಲೇ. ಡಿಸ್ಚಾರ್ಜ್ ಮಾಡುವಾಗ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ನಾವೂ ಕೇಳಲಿಲ್ಲ. 'ಅಲುಗಾಡಿಸಿದರೆ ಬೆನ್ನಿಗೆ ತೊಂದರೆ' ಎಂದು ನೆಟ್ಟಗೆ ಮಲಗಿಸಿಟ್ಟೆವು. ಮೂರನೇ ವಾರಕ್ಕೆ ಸೊಂಟದ ಕೆಳಗೆ ಒಂದು ರೂಪಾಯಿ ಅಗಲದ ಕಪ್ಪು ಕಲೆ. ಐದನೇ ವಾರಕ್ಕೆ ನನ್ನ ಮುಷ್ಟಿ ಹೋಗುವಷ್ಟು ಗುಂಡಿ. ಅದು ಮಾಯುವವರೆಗೆ ಕೂರುವಂತಿಲ್ಲ, ಫಿಜಿಯೋ ಇಲ್ಲ. ನಾನು ಮೊದಲು ಹೇಳಿದ ಆ ಮೂರು ತಿಂಗಳು ಹೋದದ್ದು ಹೀಗೆ.

ಹಿಂದೆ ಬೆನ್ನುಹುರಿ ಪೆಟ್ಟಾದವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕೇ ಅವರನ್ನು ಕೊಲ್ಲುತ್ತಿದ್ದವು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಗಾಯಾಳು ಸೈನಿಕರ ವಾರ್ಡು ಶುರು ಮಾಡಿದರು. ಹಗಲು ರಾತ್ರಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಲೇಬೇಕು ಎಂದು ಹಟ ಹಿಡಿದರು. ಆ ಸೈನಿಕರಿಗಾಗಿ ಅವರು 1948ರಲ್ಲಿ ನಡೆಸಿದ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. ಎರಡು ಗಂಟೆಗೊಮ್ಮೆ ಹೊರಳಿಸುವುದು ದೊಡ್ಡ ಔಷಧಿಗೆ ಸಮ ಎಂದು ನಾನು ನಂಬಲು ಇದು ಸಾಕು.

ಮಾಡಬೇಕಾದ್ದು ಇಷ್ಟು. ಡಾಕ್ಟರ್ ಹೇಳಿಕೊಟ್ಟ ರೀತಿಯಲ್ಲಿ, ಭುಜ ಸೊಂಟ ಒಟ್ಟಿಗೆ ತಿರುಗುವ ಹಾಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಏರ್ ಬೆಡ್ ಹಾಕಿದರೂ ಹೊರಳಿಸುವುದು ತಪ್ಪುವುದಿಲ್ಲ. ನಡುವೆ ತೂತಿರುವ ರಬ್ಬರ್ ರಿಂಗ್ ಮೇಲೆ ಕೂರಿಸಬೇಡಿ, ಸುತ್ತಲಿನ ರಕ್ತ ಹರಿವು ಕಮ್ಮಿಯಾಗುತ್ತದೆ. ಬೆಳಗ್ಗೆ ಸಂಜೆ ಎರಡು ಸಲ ಸೊಂಟದ ಹಿಂದೆ, ಪಕ್ಕ, ಕೂರುವ ಎಲುಬು, ಹಿಮ್ಮಡಿ, ಕಾಲಿನ ಗಂಟು ನೋಡಿ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿ ಇದೆಯಾ, ಗಟ್ಟಿ ಇದೆಯಾ ಎಂದು ಕೈಯಿಂದ ಮುಟ್ಟಿ ನೋಡಿ. ಅನುಮಾನ ಬಂದರೆ ಆ ಜಾಗದ ಮೇಲೆ ಭಾರ ಬೀಳಲೇಬಾರದು. ಕೂರಲು ಶುರು ಮಾಡಿದ ಮೇಲೆ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಎದ್ದು ಅಥವಾ ಮುಂದೆ ಬಾಗಿ ಭಾರ ಇಳಿಸಬೇಕು. ಬಿಸಿನೀರಿನ ಚೀಲ ಬೇಡ, ಬಿಸಿ ಎಣ್ಣೆ ಬೇಡ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಮೂತ್ರದ ಪೈಪ್ ಕಾಯಂ ಇಟ್ಟರೆ ಸೋಂಕು ಜಾಸ್ತಿ. ಬಹಳ ಜನರಿಗೆ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ (ತೆಳು ಪೈಪ್) ಹಾಕಿ ಖಾಲಿ ಮಾಡಿ ತೆಗೆಯುವ ವಿಧಾನ ಒಳ್ಳೆಯದು. ಕೈ ಸರಿಯಿರುವವರು ತಾವೇ ಕಲಿಯಬಹುದು. ಒಂದು ಸಲಕ್ಕೆ ಹೊರಬರುವ ಮೂತ್ರ 500 ಮಿಲಿಲೀಟರ್ ಮೀರದಂತೆ, ಕುಡಿಯುವ ನೀರನ್ನು ದಿನವಿಡೀ ಹಂಚಿ. ಮಲ ವಿಸರ್ಜನೆಗೆ ದಿನಾ ಒಂದೇ ಹೊತ್ತು ಗೊತ್ತುಮಾಡಿ, ತಿಂಡಿಯಾದ ಅರ್ಧ ಗಂಟೆಯ ನಂತರ ಸುಲಭ. ಇದನ್ನು ಆಸ್ಪತ್ರೆಯಲ್ಲೇ ನಾಚಿಕೆ ಬಿಟ್ಟು ಕಲಿತು ಬನ್ನಿ. ಒಂದು ಕಾಲು ಮಾತ್ರ ಊದಿ ಬಿಸಿಯಾದರೆ ಉಜ್ಜಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಪೆಟ್ಟು ಎದೆಯ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಇರುವವರಿಗೆ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪು, ಮೇಲುಭಾಗದಲ್ಲಿ ಬೆವರು ಬಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿದೆ ಎಂದು ತಿಳಿಯಿರಿ. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಕೆಳಗಿಳಿಸಿ, ಬಿಗಿ ಬಟ್ಟೆ ಸಡಿಲಿಸಿ. ಮೂತ್ರದ ಪೈಪ್ ಮಡಚಿದೆಯಾ ನೋಡಿ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ, ಇಲ್ಲವೇ ಕಟ್ಟಿಕೊಂಡ ಮಲ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಇದಕ್ಕೆ 'ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ' ಎನ್ನುತ್ತಾರೆ. ಸಣ್ಣ ಆಸ್ಪತ್ರೆಗಳಲ್ಲಿ ಈ ಹೆಸರನ್ನು ನೀವೇ ಹೇಳಬೇಕಾಗಬಹುದು. ಚೀಟಿಯಲ್ಲಿ ಬರೆದು ಗಾಲಿಕುರ್ಚಿಯ ಜೇಬಿನಲ್ಲಿಡಿ.

ಹೆಜ್ಜೆ 5: ಮನೆಗೆ ಬರುವ ಮೊದಲು ಪುನರ್ವಸತಿ ಕೇಂದ್ರಕ್ಕೆ ಹೋಗಿ

ಆಪರೇಷನ್‌ಗೆ ಕೊಟ್ಟ ಬೆಲೆಯನ್ನು ನಾವು ಇದಕ್ಕೆ ಕೊಡುವುದಿಲ್ಲ. ಅದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗ ಇದೆ. ಬೆಂಗಳೂರಿನಲ್ಲೇ 'ಎಪಿಡಿ' ಎಂದು ಕರೆಯುವ, ಅಂಗವಿಕಲರಿಗಾಗಿ ಇರುವ ಹಳೆಯ ಸಂಸ್ಥೆ ಇದೆ, 1959ರಿಂದ ಕೆಲಸ ಮಾಡುತ್ತಿದೆ. ದಕ್ಷಿಣ ಕನ್ನಡದ ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ 'ಸೇವಾಧಾಮ' ಬೆನ್ನುಹುರಿ ಪೆಟ್ಟಾದವರಿಗಾಗಿಯೇ ಇದೆ.

ಗಡಿಯಾಚೆ ತಮಿಳುನಾಡಿನ ವೆಲ್ಲೂರಿನಲ್ಲಿ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆ ಇದೆ. ಅಲ್ಲಿನ ಮೇರಿ ವರ್ಗೀಸ್ ಎಂಬ ವೈದ್ಯೆಗೆ 1954ರಲ್ಲಿ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟಾಯಿತು, ಕಾಲುಗಳ ಸ್ವಾಧೀನ ಹೋಯಿತು. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ಶುರುವಾಗಲು ಅವರೇ ಕಾರಣ. ಈ ಕಥೆಯನ್ನು ನಾನು ತಮ್ಮನಿಗೆ ಹೇಳಿದಾಗ ಅವನು ಸುಮ್ನೆ ಕೇಳಿಸಿಕೊಂಡ. ಎರಡು ದಿನ ಬಿಟ್ಟು, "ಅವರು ಹಾಸಿಗೆಯಿಂದ ಕುರ್ಚಿಗೆ ಹೇಗೆ ಹೋಗ್ತಿದ್ರಂತೆ?" ಎಂದು ಕೇಳಿದ. ಬಿದ್ದ ಮೇಲೆ ಅವನು ಕೇಳಿದ ಮೊದಲ ಹೊಸ ಪ್ರಶ್ನೆ ಅದು.

ಕೇಂದ್ರದಲ್ಲಿ ಸಿಗುವ ದೊಡ್ಡ ಲಾಭ ಎಂದರೆ ಅಲ್ಲಿರುವ ಬೇರೆಯವರು. ಐದು ವರ್ಷದ ಹಿಂದೆ ಬಿದ್ದವನೊಬ್ಬ ಗಾಲಿಕುರ್ಚಿಯಲ್ಲಿ ಸರ‍್ರನೆ ಹೋಗುವುದನ್ನು ನೋಡಿದರೆ ನೂರು ಸಮಾಧಾನದ ಮಾತಿಗಿಂತ ಮೇಲು.

ಹೆಜ್ಜೆ 6: ಆಸೆಯನ್ನು ಮಾರುವವರು ಬರುತ್ತಾರೆ

ಬಂದೇ ಬರುತ್ತಾರೆ. ನರ ಎಬ್ಬಿಸುವ ಎಣ್ಣೆ, ನಲವತ್ತೆಂಟು ದಿನದ ಪಥ್ಯ, ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್. ನಮ್ಮ ಅಪ್ಪ ಅರ್ಧ ತೋಟ ಮಾರಿ ಸ್ಟೆಮ್ ಸೆಲ್ ಹಾಕಿಸಲು ಹೊರಟಿದ್ದರು. ತಡೆದದ್ದು ಫಿಜಿಯೋ ಕೇಳಿದ ಒಂದು ಮಾತು. "ರಾಯರೇ, ಅದು ಪ್ರಯೋಗ ಆದ್ರೆ ನಿಮ್ಮ ಹತ್ರ ದುಡ್ಡು ಯಾಕೆ ತಗೊಳ್ತಾರೆ?"

ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆ ಇತ್ಯಾದಿಗೆ ಮಾಡುವ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗಗಳಲ್ಲಿ ಮಾತ್ರ ನಡೆಯಬೇಕು. ಪ್ರಯೋಗದಲ್ಲಿ ಭಾಗವಹಿಸುವವರಿಂದ ಹಣ ಕೇಳುವಂತಿಲ್ಲ. ಯಾರಾದರೂ ಲಕ್ಷ ಕೇಳಿದರೆ ಮೂರು ಪ್ರಶ್ನೆ ಕೇಳಿ. ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಏನು? ಗುಣವಾದವರ ಮೊದಲಿನ ಮತ್ತು ನಂತರದ ಏಷಿಯಾ ಗ್ರೇಡ್ ಏನು? ತೊಂದರೆಯಾದರೆ ಖರ್ಚು ಯಾರದು?

ದೇವರಿಗೆ ಹರಕೆ ಹೊರುವುದು ಬೇರೆ. ಅಮ್ಮ ಹೊತ್ತರು, ನಾನೂ ಹೊತ್ತೆ. ಅದರಿಂದ ನಮಗೆ ಬಲ ಬಂತು. ಫಿಜಿಯೋ ತಪ್ಪಿಸಿ, ಹುಣ್ಣಿನ ಡ್ರೆಸ್ಸಿಂಗ್ ನಿಲ್ಲಿಸಿ ಎಂದು ಹೇಳುವವರಿಂದ ಮಾತ್ರ ದೂರ ಇರಿ.

ಹೆಜ್ಜೆ 7: ಅವರೇ ಕೇಳಿದಾಗ ಏನು ಹೇಳುವುದು

"ಅಕ್ಕಾ, ನಾನು ನಡೀತೀನಾ?"

ಮೊದಲು ನಾನು "ಖಂಡಿತ ನಡೀತೀಯ" ಎನ್ನುತ್ತಿದ್ದೆ. ಅವನಿಗೆ ಸುಳ್ಳು ಎಂದು ಗೊತ್ತಿತ್ತು. ನನಗೆ ನೋವಾಗಬಾರದು ಎಂದು ನಂಬಿದ ಹಾಗೆ ಇರುತ್ತಿದ್ದ. ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಅಳುತ್ತಿದ್ದೆವು. ಒಂದು ದಿನ ಹೇಳಿಬಿಟ್ಟೆ. "ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ ಕಣೋ. ಆದ್ರೆ ನೀನೇ ಸ್ನಾನ ಮಾಡಿ, ಗಾಡಿ ಓಡಿಸಿ, ತೋಟದ ಲೆಕ್ಕ ನೋಡೋವರೆಗೆ ನಾನು ಜೊತೆಗಿರ್ತೀನಿ." ಅವನು ಅತ್ತ. ಆಮೇಲೆ ಚೆನ್ನಾಗಿ ಊಟ ಮಾಡಿದ.

ಎಲ್ಲರಿಗೂ ಒಂದೇ ಸಲ ಎಲ್ಲಾ ಹೇಳಬೇಕಿಲ್ಲ. ಕೇಳಿದಷ್ಟು ಹೇಳಿ, ಸುಳ್ಳು ಮಾತ್ರ ಬೇಡ. ಮಾತು ನಿಲ್ಲಿಸಿದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಮದುವೆಯಾದವರಲ್ಲಿ ದಾಂಪತ್ಯದ ಚಿಂತೆ ಒಳಗೇ ಕೊರೆಯುತ್ತಿರುತ್ತದೆ. ಹೆಂಗಸರು ಗರ್ಭ ಧರಿಸಬಲ್ಲರು. ಗಂಡಸರಿಗೂ ವೈದ್ಯರ ನೆರವಿನಿಂದ ಮಕ್ಕಳಾಗುವ ದಾರಿ ಇದೆ. ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ನೋಡಲು ಬರುವ ನೆಂಟರು ಮಂಚದ ಪಕ್ಕ ನಿಂತು "ಅಯ್ಯೋ ಪಾಪ, ಹಿಂದಿನ ಜನ್ಮದ ಕರ್ಮ" ಎಂದರೆ ಅವರನ್ನು ಮೆಲ್ಲಗೆ ಜಗಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿ.

ಹೆಜ್ಜೆ 8: ಕಾಗದ ಪತ್ರ, ಮನೆ

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ. 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದವರಿಗೆ ಹಲವು ಸೌಲಭ್ಯ ಇವೆ. ಇದನ್ನು ಮಾಡಿಸಿದರೆ ಆಸೆ ಬಿಟ್ಟ ಹಾಗೆ ಎಂದು ಅಮ್ಮ ಎಂಟು ತಿಂಗಳು ತಡೆದರು. ಹಾಗೇನಿಲ್ಲ. ಪಿಂಚಣಿ, ಸಾಧನ ಸಲಕರಣೆಗೆ ಆ ಕಾರ್ಡು ಬೇಕು, ಅಷ್ಟೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹುಡುಕಿ. ಇಳಿಜಾರು ಕಟ್ಟಿಸುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಬಚ್ಚಲಿನ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಬೇಕು. ಮೊದಲು ಕುರ್ಚಿ ಅಳೆಯಿರಿ, ಆಮೇಲೆ ಗೋಡೆ ಒಡೆಯಿರಿ.

ಹೆಜ್ಜೆ 9: ರಾತ್ರಿ ಎರಡು ಗಂಟೆಯ ಪಾಳಿ ಯಾರದು?

ಇದನ್ನು ಮೊದಲ ವಾರವೇ ಗೊತ್ತುಮಾಡಿ. ಬಹಳ ಮನೆಗಳಲ್ಲಿ ಒಬ್ಬಳೇ ಹೆಂಡತಿ, ಒಬ್ಬಳೇ ತಾಯಿ ಎಲ್ಲವನ್ನೂ ಹೊರುತ್ತಾಳೆ. ಆರು ತಿಂಗಳಿಗೆ ಅವಳ ಸೊಂಟ ಹೋಗುತ್ತದೆ. ನಾವು ಕ್ಯಾಲೆಂಡರಿನಲ್ಲಿ ಹೆಸರು ಬರೆದೆವು. ಅಪ್ಪನಿಗೆ ಮೊದಲು ಮುಜುಗರವಾಯಿತು, ಆಮೇಲೆ ಅವರೇ ಚೆನ್ನಾಗಿ ಮಾಡಿದರು. ವಾರಕ್ಕೆ ಒಂದು ಅರ್ಧ ದಿನ ನೀವು ಮನೆಯಿಂದ ಹೊರಗೆ ಹೋಗಿ. ಒಂದು ಮದುವೆಗೆ, ಒಂದು ಯಕ್ಷಗಾನಕ್ಕೆ. ನಕ್ಕರೆ ತಪ್ಪಲ್ಲ.

ತಮ್ಮ ಈಗ ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಕೂತು ಅಡಿಕೆಯ ತೂಕ, ಕೂಲಿಯ ಲೆಕ್ಕ ನೋಡುತ್ತಾನೆ. ಕೈಯಲ್ಲೇ ಬ್ರೇಕು, ಗೇರು ಇರುವ ಹಾಗೆ ಮಾಡಿಸಿದ ಸ್ಕೂಟರಿನಲ್ಲಿ ಸೊಸೈಟಿಗೆ ಹೋಗುತ್ತಾನೆ. ಕಾಲು ಬಂದಿಲ್ಲ. ಅಮ್ಮ ಈಗಲೂ ಸಂಜೆ ದೀಪ ಹಚ್ಚುವಾಗ ಅದನ್ನೇ ಬೇಡಿಕೊಳ್ಳುತ್ತಾರೆ, ಬೇಡಿಕೊಳ್ಳಲಿ. ಮೊನ್ನೆ ಮಳೆ ಶುರುವಾದಾಗ ಅವನು ಒಳಗಿನಿಂದ ಕೂಗಿದ. "ಅಕ್ಕಾ, ಇಳಿಜಾರಿನ ಮೇಲೆ ಪಾಚಿ ಕಟ್ತಿದೆ. ನಾಳೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿಬಿಡು. ನಂಗೆ ಬೆಳಗ್ಗೆ ಎಂಟಕ್ಕೆ ಹೋಗ್ಬೇಕು."